ತುಟಿ ಮರಗಟ್ಟಿದೆ, ಹಲ್ಲು ಮಾತ್ರ ನೋಯುತ್ತಿದೆ: ಹಲ್ಲಿನ ಚಿಕಿತ್ಸೆಯಲ್ಲಿ ಅರಿವಳಿಕೆ ಕೆಲಸ ಮಾಡುವ ಬಗೆ

ಹಲ್ಲಿನ ವೈದ್ಯರ ಕುರ್ಚಿಯಲ್ಲಿ ಒರಗಿದವರು ಕೇಳುವ ಮೊದಲ ಪ್ರಶ್ನೆ "ನೋವಾಗುತ್ತಾ?" ಎಂಬುದು. "ಇಂಜೆಕ್ಷನ್ ಕೊಡುತ್ತೇವೆ, ಏನೂ ಗೊತ್ತಾಗುವುದಿಲ್ಲ" ಎಂಬ ಉತ್ತರ ಬಹುಪಾಲು ಸಲ ನಿಜವೇ. ಆದರೆ ಕೆಲವರಿಗೆ ಇಂಜೆಕ್ಷನ್ ಆಗಿ, ತುಟಿ ದಪ್ಪಗಾಗಿ, ನಾಲಿಗೆ ಜೋಮು ಹಿಡಿದ ಮೇಲೂ ಡ್ರಿಲ್ ತಾಗಿದೊಡನೆ ಚುಳ್ಳೆನ್ನುತ್ತದೆ. ತಮ್ಮದೇ ದೇಹದ ದೋಷವಿರಬೇಕು ಎಂದುಕೊಂಡು ಅವರು ಸುಮ್ಮನಾಗುತ್ತಾರೆ. ಹಲ್ಲು ಕಚ್ಚಿ ಸಹಿಸೋಣವೆಂದರೆ ಅಲ್ಲಿ ಬಾಯಿ ತೆರೆದೇ ಇರಬೇಕು!

ಅರಿವಳಿಕೆ ಕೈಕೊಡುವುದಕ್ಕೆ ಕಾರಣಗಳಿವೆ. ಹೆಚ್ಚಿನವಕ್ಕೆ ಪರಿಹಾರವೂ ಇದೆ. ಯಾವ ಪರಿಹಾರ ಎಂಬುದು ರೋಗಿ ತನ್ನ ನೋವನ್ನು ಹೇಗೆ ಹೇಳುತ್ತಾನೆ ಎನ್ನುವುದರ ಮೇಲೆ ಎಷ್ಟೋ ಮಟ್ಟಿಗೆ ನಿಂತಿದೆ.

## ಹಲ್ಲಿನೊಳಗಿನ ಇಕ್ಕಟ್ಟು

ಹಲ್ಲಿನ ಹೊರಕವಚದ ಹೆಸರು ಎನಾಮಲ್. ನಮ್ಮ ದೇಹದಲ್ಲಿ ಇದಕ್ಕಿಂತ ಗಟ್ಟಿಯಾದದ್ದು ಬೇರೊಂದಿಲ್ಲ. ಅದರಲ್ಲಿ ನರವಿಲ್ಲ. ಹುಳುಕು ಇಲ್ಲಿಗಷ್ಟೇ ತಾಗಿರುವಾಗ ನೋವು ಗೊತ್ತಾಗದಿರುವುದು ಅದಕ್ಕೇ. ಅದರ ಒಳಗಿನ ಪದರ ಡೆಂಟಿನ್. ಇದರ ತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ಕೊಳವೆಗಳು, ಕೊಳವೆಗಳ ತುಂಬ ದ್ರವ. ತಣ್ಣೀರು, ಗಾಳಿ ಅಥವಾ ಡ್ರಿಲ್ ಸೋಕಿದಾಗ ಆ ದ್ರವ ಅಲುಗಿ, ಒಳತುದಿಯಲ್ಲಿರುವ ನರವನ್ನು ಕೆಣಕುತ್ತದೆ. ಹಲ್ಲು ಜುಮ್ಮೆನ್ನುವುದು ಹೀಗೆ. ಎಲ್ಲಕ್ಕಿಂತ ಒಳಗಿರುವುದು ಪಲ್ಪ್, ಅಂದರೆ ನರ ಮತ್ತು ರಕ್ತನಾಳಗಳಿರುವ ಮೆತ್ತನೆಯ ತಿರುಳು.

ಕಾಲು ಉಳುಕಿದರೆ ಊದಿಕೊಳ್ಳಲು ಜಾಗವಿದೆ. ತಿರುಳಿಗೆ ಆ ಅನುಕೂಲವಿಲ್ಲ, ಸುತ್ತಲೂ ಗಟ್ಟಿ ಗೋಡೆ. ಅದು ಬಾತುಕೊಂಡರೆ ಒಳಗಿನ ಒತ್ತಡ ಏರುತ್ತದೆ, ನಾಡಿ ಬಡಿದಂತೆ ಹಲ್ಲು ಬಡಿಯತೊಡಗುತ್ತದೆ. ಮಲಗಿದಾಗ ತಲೆಯ ಕಡೆಗೆ ರಕ್ತದ ಒತ್ತಡ ಇನ್ನಷ್ಟು ಹೆಚ್ಚುವುದರಿಂದ ರಾತ್ರಿಯೇ ನೋವು ಜೋರು. ಎರಡು ದಿಂಬಿಟ್ಟು ತಲೆ ಎತ್ತರಿಸಿ ಮಲಗಿದರೆ ಸ್ವಲ್ಪ ಸಮಾಧಾನವಾಗುವುದೂ ಇದರಿಂದಲೇ. ತಿರುಳಿನ ಈ ಉರಿಯೂತಕ್ಕೆ ಪಲ್ಪೈಟಿಸ್ ಎಂದು ಹೆಸರು. ಅರಿವಳಿಕೆಗೆ ಸುಲಭವಾಗಿ ಬಗ್ಗದ ಹಲ್ಲುಗಳಲ್ಲಿ ಹೆಚ್ಚಿನವು ಈ ಸ್ಥಿತಿಯಲ್ಲಿರುತ್ತವೆ.

ಹಲ್ಲು, ವಸಡು, ದವಡೆಯ ನೋವನ್ನು ಮಿದುಳಿಗೆ ಒಯ್ಯುವುದು ಟ್ರೈಜೆಮಿನಲ್ ಎಂಬ ನರ. ಮುಖದ ಎಡಕ್ಕೊಂದು, ಬಲಕ್ಕೊಂದು. ಒಂದೊಂದಕ್ಕೂ ಮೂರು ಕವಲು: ಕಣ್ಣು ಮತ್ತು ಹಣೆಗೆ ಒಂದು, ಮೇಲ್ದವಡೆಗೆ ಒಂದು, ಕೆಳದವಡೆಗೆ ಒಂದು. ಹಲ್ಲಿನ ವೈದ್ಯರಿಗೆ ಕೆಲಸವಿರುವುದು ಕೊನೆಯ ಎರಡರ ಜೊತೆ.

## ಒಳಗೆ ಹೋಗಿ ಅಗುಳಿ ಹಾಕುವ ಔಷಧ

ನೋವಿನ ಸುದ್ದಿ ನರದ ಉದ್ದಕ್ಕೂ ವಿದ್ಯುತ್ ಅಲೆಯಾಗಿ ಸಾಗುತ್ತದೆ. ನರದ ಹೊರಪೊರೆಯಲ್ಲಿ ಸಣ್ಣ ಸಣ್ಣ ಬಾಗಿಲುಗಳಿವೆ. ಒಂದು ಬಾಗಿಲು ತೆರೆದು ಸೋಡಿಯಂ ಕಣಗಳು ಒಳನುಗ್ಗಿದರೆ ಪಕ್ಕದ ಬಾಗಿಲೂ ತೆರೆಯುತ್ತದೆ. ಹೀಗೆ ಸುದ್ದಿ ಮುಂದಕ್ಕೆ ಹೋಗುತ್ತದೆ. ಲಿಡೋಕೇನ್‌ನಂಥ ಔಷಧ ಈ ಬಾಗಿಲುಗಳನ್ನು ಮುಚ್ಚಿಬಿಡುತ್ತದೆ. ಹಲ್ಲಿನಲ್ಲಿ ಕೆಲಸ ನಡೆಯುತ್ತಲೇ ಇರುತ್ತದೆ, ಸುದ್ದಿ ಮಾತ್ರ ಮಿದುಳಿಗೆ ಮುಟ್ಟುವುದಿಲ್ಲ.

ಇದರಲ್ಲಿ ಒಂದು ಸೂಕ್ಷ್ಮವಿದೆ. ಬಾಗಿಲು ಮುಚ್ಚಬೇಕಾದದ್ದು ನರದ ಒಳಗಿನಿಂದ. ಹೊರಗೆ ನಿಂತು ಅಗುಳಿ ಹಾಕಲಾಗದು. ಔಷಧದ ಕಣಗಳು ಎರಡು ರೂಪದಲ್ಲಿರುತ್ತವೆ. ವಿದ್ಯುದಂಶವಿಲ್ಲದ ರೂಪ ಕೊಬ್ಬಿನ ಪೊರೆಯನ್ನು ದಾಟಿ ಒಳಹೋಗಬಲ್ಲದು, ವಿದ್ಯುದಂಶವಿರುವ ರೂಪ ದಾಟಲಾರದು. ಆರೋಗ್ಯವಂತ ಅಂಗಾಂಶದಲ್ಲಿ, ಅಂದರೆ ಪಿಹೆಚ್ (ಹುಳಿಗುಣದ ಅಳತೆ, ಇಳಿದಷ್ಟೂ ಹುಳಿ ಹೆಚ್ಚು) 7.4ರ ಆಸುಪಾಸಿನಲ್ಲಿ, ಲಿಡೋಕೇನ್‌ನ ಸುಮಾರು ಕಾಲುಭಾಗ ದಾಟುವ ರೂಪದಲ್ಲಿರುತ್ತದೆ. ಕೀವು ತುಂಬಿದ ಜಾಗ ಆಮ್ಲೀಯ. ಅಲ್ಲಿ ಪಿಹೆಚ್ 6ಕ್ಕೆ ಇಳಿದರೆ ನೂರರಲ್ಲಿ ಒಂದು ಪಾಲಷ್ಟೇ ದಾಟೀತು. ಮಿಕ್ಕದ್ದು ಹೊರಗೇ ಉಳಿಯುತ್ತದೆ. ಬಾವು ಬಂದ ಹಲ್ಲಿನ ಬುಡಕ್ಕೆ ನೇರವಾಗಿ ಚುಚ್ಚಿದರೆ ಪರಿಣಾಮ ಕಡಿಮೆ ಎನ್ನುವುದಕ್ಕೆ ಇದು ಒಂದು ಕಾರಣ.

ಇಷ್ಟು ದೂರ ಬರಲು ನೂರು ವರ್ಷ ಹಿಡಿಯಿತು. 1844ರಲ್ಲಿ ಅಮೆರಿಕದ ದಂತವೈದ್ಯ ಹೊರೇಸ್ ವೆಲ್ಸ್ ನೈಟ್ರಸ್ ಆಕ್ಸೈಡ್ ಅನಿಲ ಉಸಿರಾಡಿ ತನ್ನದೇ ಹಲ್ಲು ಕೀಳಿಸಿಕೊಂಡ. 1884ರಲ್ಲಿ ಕಾರ್ಲ್ ಕೋಲರ್ ಕೊಕೇನ್ ಹನಿಯಿಂದ ಕಣ್ಣು ಮರಗಟ್ಟುತ್ತದೆಂದು ತೋರಿಸಿದ. ದವಡೆಯ ನರಕ್ಕೂ ಆಗಲೇ ಕೊಕೇನ್ ಚುಚ್ಚಿ ನೋಡಿದರು. ಅದರ ಚಟದ ಅಪಾಯ ಬೇಗನೆ ಬಯಲಾಯಿತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನೊವೊಕೇನ್ ಬಂತು. 1943ರಲ್ಲಿ ಸ್ವೀಡನ್ನಿನ ನಿಲ್ಸ್ ಲಾಫ್‌ಗ್ರೆನ್ ಲಿಡೋಕೇನ್ ತಯಾರಿಸಿದ. ಹಲ್ಲಿನ ಚಿಕಿತ್ಸೆಯಲ್ಲಿ ಇಂದಿಗೂ ಬಹಳ ಬಳಕೆಯಲ್ಲಿರುವ ಔಷಧ ಅದೇ.

## ಗಾಜಿನ ನಳಿಕೆಯಲ್ಲಿ ಏನಿದೆ?

ಹಲ್ಲಿನ ಸಿರಿಂಜಿನೊಳಗೆ ಕೂರುವ ಪುಟ್ಟ ನಳಿಕೆಯಲ್ಲಿ ಸಾಮಾನ್ಯವಾಗಿ 1.8 ಮಿ.ಲೀ. ದ್ರಾವಣ ಇರುತ್ತದೆ. ಶೇ 2ರ ಲಿಡೋಕೇನ್ ಎಂದರೆ ಪ್ರತಿ ಮಿ.ಲೀ.ಗೆ 20 ಮಿ.ಗ್ರಾಂ, ಒಂದು ನಳಿಕೆಗೆ 36 ಮಿ.ಗ್ರಾಂ. ಜೊತೆಗೆ ಅಡ್ರಿನಲಿನ್ ಇರುತ್ತದೆ, ಲಕ್ಷಕ್ಕೆ ಒಂದು ಅಥವಾ ಎಂಬತ್ತು ಸಾವಿರಕ್ಕೆ ಒಂದು ಪಾಲಿನಷ್ಟು.

ಅಡ್ರಿನಲಿನ್ ನೋವು ಕಡಿಮೆ ಮಾಡುವುದಿಲ್ಲ. ಅದರ ಕೆಲಸ ಕಾವಲು. ಲಿಡೋಕೇನ್ ರಕ್ತನಾಳಗಳನ್ನು ಸಡಿಲಿಸುತ್ತದೆ, ಹಾಗಾಗಿ ಬರಿದೇ ಚುಚ್ಚಿದರೆ ರಕ್ತ ಅದನ್ನು ಬೇಗ ಕೊಚ್ಚಿಕೊಂಡು ಹೋಗುತ್ತದೆ. ಹಲ್ಲಿನ ತಿರುಳು ಮರಗಟ್ಟಿರುವುದು ಹತ್ತು ನಿಮಿಷದೊಳಗೇ ಮುಗಿದುಹೋದೀತು. ಅಡ್ರಿನಲಿನ್ ರಕ್ತನಾಳಗಳನ್ನು ಕಿರಿದಾಗಿಸಿ ಔಷಧವನ್ನು ಅಲ್ಲೇ ಹಿಡಿದಿಡುತ್ತದೆ. ಆಗ ಹಲ್ಲು ಸುಮಾರು ಒಂದು ಗಂಟೆ, ತುಟಿ ಮತ್ತು ಕೆನ್ನೆ ಮೂರರಿಂದ ಐದು ಗಂಟೆ ಮರಗಟ್ಟಿರುತ್ತವೆ. ರಕ್ತ ಸೋರುವುದೂ ಕಡಿಮೆ. ಇಂಜೆಕ್ಷನ್ ಆದ ಕೂಡಲೇ ಕೆಲವರಿಗೆ ಎದೆ ಡವಡವ ಬಡಿದು, ಕೈ ಸಣ್ಣಗೆ ನಡುಗುವುದು ಈ ಅಡ್ರಿನಲಿನ್‌ನಿಂದ. ಕೆಲವೇ ನಿಮಿಷದಲ್ಲಿ ಇಳಿಯುತ್ತದೆ. ಇದನ್ನು ಅಲರ್ಜಿ ಎಂದುಕೊಂಡು "ನನಗೆ ಅರಿವಳಿಕೆ ಆಗಿಬರುವುದಿಲ್ಲ" ಎಂದು ವರ್ಷಗಟ್ಟಲೆ ಹೇಳಿಕೊಂಡು ಬರುವವರಿದ್ದಾರೆ. ಲಿಡೋಕೇನ್‌ಗೆ ನಿಜವಾದ ಅಲರ್ಜಿ ತೀರಾ ಅಪರೂಪ. ಅಡ್ರಿನಲಿನ್ ಕೆಡದಂತೆ ಸೇರಿಸುವ ಸಲ್ಫೈಟ್ ಕೆಲವರಿಗೆ ಒಗ್ಗದಿರಬಹುದು, ಅಂಥವರಿಗೆ ಅಡ್ರಿನಲಿನ್ ಇಲ್ಲದ ಔಷಧವಿದೆ.

ಪ್ರಮಾಣಕ್ಕೆ ಮಿತಿಯಿದೆ. ಅಡ್ರಿನಲಿನ್ ಸೇರಿದ ಲಿಡೋಕೇನ್‌ಗೆ ವಯಸ್ಕರಲ್ಲಿ ಸಾಮಾನ್ಯವಾಗಿ ಹೇಳುವ ಗರಿಷ್ಠ ಮಿತಿ ಕೆ.ಜಿ.ಗೆ 7 ಮಿ.ಗ್ರಾಂ, ಒಟ್ಟು 500 ಮಿ.ಗ್ರಾಂ ಮೀರದಂತೆ. 60 ಕೆ.ಜಿ. ತೂಕದವರಿಗೆ ಇದು 420 ಮಿ.ಗ್ರಾಂ, ಅಂದರೆ ಹನ್ನೊಂದು ನಳಿಕೆ. ಒಂದು ಹಲ್ಲಿಗೆ ಒಂದೆರಡು ನಳಿಕೆ ಸಾಕಾಗುವುದರಿಂದ ದೊಡ್ಡವರ ಮಟ್ಟಿಗೆ ಈ ಗಡಿ ಬಹಳ ದೂರ. ಮಕ್ಕಳ ವಿಷಯ ಹಾಗಲ್ಲ. ಕೆ.ಜಿ.ಗೆ 4.4 ಮಿ.ಗ್ರಾಂ ಎಂಬ ಎಚ್ಚರಿಕೆಯ ಲೆಕ್ಕ ಹಿಡಿದರೆ 15 ಕೆ.ಜಿ. ಮಗುವಿಗೆ 66 ಮಿ.ಗ್ರಾಂ, ಎರಡು ನಳಿಕೆ ತುಂಬುವ ಮೊದಲೇ ಮಿತಿ ಮುಗಿಯಿತು. ಮಗುವನ್ನು ಮೊದಲು ತೂಕ ಮಾಡುವುದು ಇದಕ್ಕಾಗಿ. ತೂಕ ಕೇಳದಿದ್ದರೆ ಹೆತ್ತವರೇ ಹೇಳಿಬಿಡುವುದು ಒಳ್ಳೆಯದು.

## ಸೂಜಿಯ ನೋವು

ನಿಜ ಹೇಳಬೇಕೆಂದರೆ ಅನೇಕರಿಗೆ ಹಲ್ಲಿಗಿಂತ ಸೂಜಿಯದೇ ಭಯ. ಇದರಲ್ಲಿ ಮೂರು ಬಗೆಯ ನೋವು ಬೆರೆತಿದೆ: ಚರ್ಮ ಚುಚ್ಚುವಾಗಿನದು, ದ್ರವ ಒತ್ತಿ ಅಂಗಾಂಶ ಹಿಗ್ಗುವಾಗಿನದು, ದ್ರಾವಣದ ಹುಳಿಗುಣದಿಂದ ಆಗುವ ಉರಿ.

ಮೊದಲನೆಯದಕ್ಕೆ ವಸಡಿನ ಮೇಲೆ ಹಚ್ಚುವ ಮರಗಟ್ಟುವ ಜೆಲ್ ಇದೆ. ಅದು ಇಳಿಯುವುದು ಮೇಲಿನ ಎರಡು ಮೂರು ಮಿ.ಮೀ. ಆಳಕ್ಕಷ್ಟೇ. ವಸಡನ್ನು ಒಣಗಿಸಿ ಹಚ್ಚಿ ಒಂದೆರಡು ನಿಮಿಷ ಬಿಡಬೇಕು. ಒದ್ದೆ ವಸಡಿಗೆ ಹಚ್ಚಿ ಹತ್ತು ಸೆಕೆಂಡಿನಲ್ಲಿ ಚುಚ್ಚಿದರೆ ಹಚ್ಚಿದ್ದು ವ್ಯರ್ಥ. ಎರಡನೆಯದಕ್ಕೆ ಮದ್ದು ನಿಧಾನ. ನಿಮಿಷಕ್ಕೆ 1 ಮಿ.ಲೀ.ನಂತೆ ಬಿಟ್ಟರೆ ಒಂದು ನಳಿಕೆಗೆ ಎರಡು ನಿಮಿಷದ ಹತ್ತಿರ ಬೇಕು. ಆ ಎರಡು ನಿಮಿಷ ಉದ್ದವೆನಿಸಿದರೂ ಅದು ವೈದ್ಯರ ಹಿಂಜರಿಕೆಯಲ್ಲ, ಕೌಶಲ. ಸೂಜಿಯ ಗಾತ್ರದಿಂದ ಆಗುವ ವ್ಯತ್ಯಾಸ ಜನ ಭಾವಿಸುವುದಕ್ಕಿಂತ ಕಡಿಮೆ. ಉರಿಗೆ ಕೆಲವೆಡೆ ದ್ರಾವಣಕ್ಕೆ ಸೋಡಿಯಂ ಬೈಕಾರ್ಬನೇಟ್ ಬೆರೆಸಿ ಹುಳಿ ತಗ್ಗಿಸುತ್ತಾರೆ.

ಚುಚ್ಚುವಾಗ ವೈದ್ಯರು ಕೆನ್ನೆ ಹಿಡಿದು ಅಲ್ಲಾಡಿಸುವುದಕ್ಕೂ ಅರ್ಥವಿದೆ. ಕಾಲ್ಬೆರಳು ಎಡವಿದಾಗ ನಾವು ಉಜ್ಜಿಕೊಳ್ಳುವುದಿಲ್ಲವೇ? ಸ್ಪರ್ಶದ ಸುದ್ದಿ ನೋವಿನ ಸುದ್ದಿಯನ್ನು ದಾರಿಯಲ್ಲೇ ಮಂಕಾಗಿಸುತ್ತದೆ. ಅಂಗುಳಿನಲ್ಲಿ ಮಾತ್ರ ಈ ಉಪಾಯಗಳ ಆಟ ಹೆಚ್ಚು ನಡೆಯದು. ಅಲ್ಲಿನ ಪೊರೆ ಮೂಳೆಗೆ ಬಿಗಿಯಾಗಿ ಅಂಟಿಕೊಂಡಿದೆ, ದ್ರವಕ್ಕೆ ಜಾಗವಿಲ್ಲ. ಮೊಂಡು ಉಪಕರಣದಿಂದ ಗಟ್ಟಿಯಾಗಿ ಒತ್ತಿಹಿಡಿದು, ಕೆಲವೇ ಹನಿ ಬಿಡುತ್ತಾರೆ.

ರೋಗಿಯ ಕಡೆಯಿಂದ ಆಗಬೇಕಾದದ್ದು ತಲೆ ಅಲುಗಿಸದಿರುವುದು ಮತ್ತು ಉಸಿರು ಬಿಗಿಹಿಡಿಯದಿರುವುದು. ಮೂಗಿನಿಂದ ಎಳೆದುಕೊಂಡು, ಎಳೆದದ್ದಕ್ಕಿಂತ ನಿಧಾನವಾಗಿ ಹೊರಬಿಡಿ. ಕಾಲ್ಬೆರಳುಗಳನ್ನು ಬೇಕಾದರೆ ಆಡಿಸಿ, ಅದಕ್ಕೆ ಯಾರದೂ ತಕರಾರಿಲ್ಲ. ತುಟಿಗೋ ನಾಲಿಗೆಗೋ ಕರೆಂಟು ಹೊಡೆದಂತಾದರೆ ಸೂಜಿ ನರವನ್ನು ಸೋಕಿದೆ ಎಂದರ್ಥ. ಕತ್ತು ಕೊಡವದೆ ಬಾಯಿಂದ ಸದ್ದು ಮಾಡಿ ತಿಳಿಸಿದರೆ ವೈದ್ಯರು ಸೂಜಿಯನ್ನು ತುಸು ಹಿಂದಕ್ಕೆಳೆಯುತ್ತಾರೆ.

## ಮೇಲ್ದವಡೆ ಸಲೀಸು, ಕೆಳದವಡೆ ಹಠಮಾರಿ

ಮೇಲ್ದವಡೆಯ ಮೂಳೆ ತೆಳು, ರಂಧ್ರಗಳಿಂದ ಕೂಡಿದ್ದು. ಹಲ್ಲಿನ ಬೇರಿನ ಬಳಿ ವಸಡಿಗೆ ಚುಚ್ಚಿದರೆ ಔಷಧ ಮರಳಿನಲ್ಲಿ ನೀರು ಇಳಿದಂತೆ ಮೂಳೆಯ ಮೂಲಕ ಬೇರಿನ ತುದಿಗೆ ಇಳಿಯುತ್ತದೆ. ಮೂರರಿಂದ ಐದು ನಿಮಿಷ ಸಾಕು.

ಕೆಳಗಿನ ದವಡೆಹಲ್ಲುಗಳ ಸುತ್ತ ಮೂಳೆ ದಪ್ಪ, ಒತ್ತಾದದ್ದು. ಔಷಧ ಒಳಗಿಳಿಯದು. ಹಾಗಾಗಿ ನರ ದವಡೆಯ ಮೂಳೆಯೊಳಗೆ ಹೊಗುವ ಬಾಯಿಯಲ್ಲೇ ಅದನ್ನು ಹಿಡಿಯಬೇಕು. ಆ ರಂಧ್ರ ಇರುವುದು ಬಾಯಿಯ ಹಿಂಭಾಗದಲ್ಲಿ, ದವಡೆಯ ಮೇಲ್ಮುಖ ಭಾಗದ ಒಳಮೈಯಲ್ಲಿ. ವೈದ್ಯರಿಗೆ ಅದು ಕಣ್ಣಿಗೆ ಕಾಣುವುದಿಲ್ಲ. ಬೆರಳಿಂದ ಮೂಳೆಯ ಅಂಚು ತಡವಿ, ಅಂದಾಜಿನ ಮೇಲೆ ಸೂಜಿಯನ್ನು ಎರಡು, ಎರಡೂವರೆ ಸೆಂ.ಮೀ. ಒಳಗೆ ಇಳಿಸುತ್ತಾರೆ. ಮನುಷ್ಯರ ದವಡೆಗಳು ಒಂದೇ ಅಚ್ಚಿನವಲ್ಲ, ಆದ್ದರಿಂದ ಈ ಅಂದಾಜು ಆಗಾಗ ತಪ್ಪುತ್ತದೆ. ನುರಿತ ಕೈಯಲ್ಲೂ ತಪ್ಪುತ್ತದೆ. ಬಿದ್ದರೆ ಮಾತ್ರ ಆ ಬದಿಯ ಕೆಳಹಲ್ಲುಗಳೆಲ್ಲ, ಅರ್ಧ ತುಟಿ, ಗಲ್ಲದ ಅರ್ಧ, ಜೊತೆಗೆ ಸಾಮಾನ್ಯವಾಗಿ ಅರ್ಧ ನಾಲಿಗೆಯೂ ಮರಗಟ್ಟುತ್ತವೆ.

## ತುಟಿ ಮಲಗಿ ಹಲ್ಲು ಎಚ್ಚರವಿದ್ದರೆ

ತುಟಿ ಮರಗಟ್ಟಿದೆ ಎಂದರೆ ಔಷಧ ನರದ ಹತ್ತಿರ ಬಿದ್ದಿದೆ ಎಂದಷ್ಟೇ ಅರ್ಥ. ಹಲ್ಲೂ ಮರಗಟ್ಟಿದೆ ಎನ್ನಲು ಅದು ಸಾಕ್ಷಿಯಲ್ಲ.

ಅತಿ ಸಾಮಾನ್ಯ ಕಾರಣ ಅವಸರ. ತುಟಿ ಐದು ನಿಮಿಷದಲ್ಲಿ ಮರಗಟ್ಟಿದರೂ ಕೆಳಗಿನ ದವಡೆಹಲ್ಲಿನ ತಿರುಳಿಗೆ ಹತ್ತು ಹದಿನೈದು ನಿಮಿಷ ಬೇಕಾಗಬಹುದು. ಹಲ್ಲಿಗೆ ತಣ್ಣನೆಯ ಸ್ಪ್ರೇ ಹೊಡೆದ ಹತ್ತಿ ಮುಟ್ಟಿಸಿ ನೋಡಿದರೆ ಗೊತ್ತಾಗುತ್ತದೆ. ಚಳಿ ತಾಗಿದರೆ ಇನ್ನೂ ಕಾಯಬೇಕು. ತುಟಿಯೇ ಮರಗಟ್ಟಿಲ್ಲವೆಂದರೆ ಗುರಿ ತಪ್ಪಿದೆ, ತುಸು ಮೇಲಕ್ಕೆ ಮತ್ತೊಮ್ಮೆ ಚುಚ್ಚಬೇಕು. ಕೆಲವರಲ್ಲಿ ಪಕ್ಕದ ಇನ್ನೊಂದು ನರದ ಎಳೆಯೂ ಆ ಹಲ್ಲಿಗೆ ಬಂದಿರುತ್ತದೆ. ಮುಂಬಾಗಿಲು ಮುಚ್ಚಿ ಹಿತ್ತಿಲ ಬಾಗಿಲು ಮರೆತ ಹಾಗೆ, ನೋವು ಆ ದಾರಿಯಲ್ಲಿ ದಾಟುತ್ತದೆ. ಆಗ ಹಲ್ಲಿನ ಬಳಿಯೇ ಹೆಚ್ಚುವರಿ ಇಂಜೆಕ್ಷನ್ ಬೇಕು. ಕೆಳದವಡೆಯಲ್ಲಿ ಇದಕ್ಕೆ ಶೇ 4ರ ಆರ್ಟಿಕೇನ್ ಬಳಸುವುದುಂಟು, ಮೂಳೆಯೊಳಗೆ ಅದು ಲಿಡೋಕೇನ್‌ಗಿಂತ ಚೆನ್ನಾಗಿ ಇಳಿಯುತ್ತದೆ.

ಎಲ್ಲಕ್ಕಿಂತ ಕಷ್ಟದ್ದು ರಾತ್ರಿಯಿಡೀ ಬಡಿದ ಹಲ್ಲು, ಅಂದರೆ ತೀವ್ರ ಪಲ್ಪೈಟಿಸ್. ಉರಿಯೂತದಿಂದ ಅಲ್ಲಿನ ನರ ಅತಿ ಚುರುಕಾಗಿರುತ್ತದೆ. ಲಿಡೋಕೇನ್‌ಗೆ ಅಷ್ಟಾಗಿ ಜಗ್ಗದ ಸೋಡಿಯಂ ಬಾಗಿಲುಗಳೂ ಅದರಲ್ಲಿ ಹೆಚ್ಚಿಕೊಂಡಿರುತ್ತವೆ. ತುಟಿ ಪೂರ್ತಿ ಮರಗಟ್ಟಿದರೂ ರೂಟ್ ಕೆನಾಲ್ ಆರಂಭಿಸುವಾಗ ನೋಯುವುದು ಹೀಗೆ. ಇಂಥಲ್ಲಿ ಹಲ್ಲು ಮತ್ತು ಮೂಳೆಯ ನಡುವಿನ ಸಂದಿಗೆ ಅಥವಾ ನೇರ ಮೂಳೆಯೊಳಗೆ ಔಷಧ ಬಿಡುತ್ತಾರೆ. ಕೊನೆಯ ದಾರಿ ತಿರುಳಿಗೇ ಚುಚ್ಚುವುದು; ಒಂದು ಕ್ಷಣ ತೀವ್ರ ನೋವು, ಆಮೇಲೆ ತಕ್ಷಣ ನಿಶ್ಶಬ್ದ. ಹಾಗೆ ಮಾಡುವ ಮೊದಲು ವೈದ್ಯರು ರೋಗಿಗೆ ಹೇಳಿಯೇ ಮಾಡಬೇಕು. ಐಬುಪ್ರೊಫೇನ್ ಎಂಬ ನೋವಿನ ಮಾತ್ರೆ ಆಗಿಬರುವವರು ಚಿಕಿತ್ಸೆಗೆ ಒಂದು ಗಂಟೆ ಮುಂಚೆ 400ರಿಂದ 600 ಮಿ.ಗ್ರಾಂ ತೆಗೆದುಕೊಂಡಿದ್ದರೆ ಇಂಥ ಹಲ್ಲಿನಲ್ಲಿ ಅರಿವಳಿಕೆ ಹಿಡಿಯುವ ಸಾಧ್ಯತೆ ಹೆಚ್ಚು. ಅಪಾಯಿಂಟ್‌ಮೆಂಟ್ ಮಾಡಿಸುವಾಗಲೇ ಈ ಬಗ್ಗೆ ವೈದ್ಯರನ್ನು ಕೇಳಿಕೊಳ್ಳಬಹುದು.

ಮುಖ ಊದಿ ಕೀವು ತುಂಬಿದ್ದರೆ ವೈದ್ಯರು ಬಾವಿನಿಂದ ದೂರದಲ್ಲಿ, ನರದ ಬುಡದ ಕಡೆ ಚುಚ್ಚುತ್ತಾರೆ. ಬರೀ ಆಂಟಿಬಯೋಟಿಕ್ ನುಂಗಿ ಹಲ್ಲನ್ನು ಹಾಗೇ ಬಿಟ್ಟರೆ ನೋವು ತಗ್ಗಿದಂತೆ ಕಂಡರೂ ಮೂಲ ಅಲ್ಲೇ ಇರುತ್ತದೆ.

## ಒತ್ತಿದಂತೆಯೋ, ಚುಚ್ಚಿದಂತೆಯೋ?

ನರದಲ್ಲಿ ತೆಳು ಎಳೆಗಳೂ ದಪ್ಪ ಎಳೆಗಳೂ ಇವೆ. ನೋವು ಮತ್ತು ಚಳಿಯ ಸುದ್ದಿ ಒಯ್ಯುವ ತೆಳು ಎಳೆಗಳು ಔಷಧಕ್ಕೆ ಬೇಗ ಬಗ್ಗುತ್ತವೆ. ಒತ್ತಡ, ಅಲುಗಾಟ ತಿಳಿಸುವ ದಪ್ಪ ಎಳೆಗಳು ಸುಲಭಕ್ಕೆ ಬಗ್ಗವು. ಹಾಗಾಗಿ ಹಲ್ಲು ಕೀಳುವಾಗ ನೋವೇ ಇಲ್ಲದಿದ್ದರೂ ದವಡೆಯನ್ನು ಯಾರೋ ತಳ್ಳಿದಂತೆ, ಎಳೆದಂತೆ ಅನಿಸುತ್ತದೆ. ಕಟಕಟ ಸದ್ದು ಮೂಳೆಯ ಮೂಲಕ ಕಿವಿಗೆ ದೊಡ್ಡದಾಗಿ ಕೇಳುತ್ತದೆ. ಇನ್ನಷ್ಟು ಔಷಧ ಕೊಟ್ಟರೂ ಆ ಒತ್ತಡ ಪೂರ್ತಿ ಹೋಗುವುದಿಲ್ಲ. ಚುಳ್ಳೆನ್ನುವ, ಚುಚ್ಚುವ, ಕರೆಂಟಿನಂಥ ಅನುಭವವಾದರೆ ಅದು ನೋವು, ಕೆಲಸ ನಿಲ್ಲಿಸಬೇಕು.

"ನೋವು" ಎಂಬ ಒಂದೇ ಮಾತು ವೈದ್ಯರಿಗೆ ಸಾಲದು. "ಒತ್ತಿದಂತಿದೆ, ಚುಚ್ಚುತ್ತಿಲ್ಲ", "ಗಾಳಿ ಬಿಟ್ಟಾಗ ಮಾತ್ರ ಜುಮ್ಮೆನ್ನುತ್ತದೆ", "ತುಟಿ ಮರಗಟ್ಟಿದೆ, ನಾಲಿಗೆ ಇಲ್ಲ" ಎಂದರೆ ಕಾಯಬೇಕೋ, ಮತ್ತೆ ಚುಚ್ಚಬೇಕೋ, ಎಲ್ಲಿ ಎಂಬುದು ಅವರಿಗೆ ತಿಳಿಯುತ್ತದೆ. ಬಾಯಲ್ಲಿ ಉಪಕರಣವಿರುವಾಗ ಮಾತಾಡಲಾಗದು, ಆದ್ದರಿಂದ ಮೊದಲೇ ಸನ್ನೆ ಗೊತ್ತುಮಾಡಿಕೊಳ್ಳಿ: ಉಪಕರಣ ಹಿಡಿದ ಕೈ ಇರುವ ಬದಿಯನ್ನು ಬಿಟ್ಟು ಇನ್ನೊಂದು ಬದಿಯ ಕೈ ಎತ್ತಿದರೆ ನಿಲ್ಲಿಸಬೇಕು. ಬೇಕೆಂದಾಗ ನಿಲ್ಲಿಸಬಹುದು ಎಂಬ ಭರವಸೆಯೇ ಬಿಗಿದ ಮೈಯನ್ನು ಸಡಿಲಿಸುತ್ತದೆ.

## ಭಯವೇ ದೊಡ್ಡದಾದಾಗ

ಮರಗಟ್ಟಿಸುವುದು ಬೇರೆ, ಭಯ ತಗ್ಗಿಸುವುದು ಬೇರೆ. ಎರಡನೆಯದಕ್ಕೆ ಮೆಟ್ಟಿಲುಗಳಿವೆ. ಮೊದಲನೆಯದು ಮೂಗಿನ ಮುಖವಾಡದಿಂದ ಉಸಿರಾಡುವ ನೈಟ್ರಸ್ ಆಕ್ಸೈಡ್, ಸಾಮಾನ್ಯವಾಗಿ ಶೇ 30ರಿಂದ 50, ಉಳಿದದ್ದು ಆಕ್ಸಿಜನ್. ಎಚ್ಚರ ತಪ್ಪುವುದಿಲ್ಲ, ಮೈ ಹಗುರಾಗುತ್ತದೆ. ಕೊನೆಯಲ್ಲಿ ಸುಮಾರು ಐದು ನಿಮಿಷ ಶುದ್ಧ ಆಕ್ಸಿಜನ್ ಕೊಟ್ಟರೆ ಮಂಪರು ಇಳಿಯುತ್ತದೆ. ಮೂಗು ಕಟ್ಟಿದವರಿಗೆ ಇದು ಉಪಯೋಗವಿಲ್ಲ. ಇನ್ನೊಂದು ಮೆಟ್ಟಿಲು ಮಿಡಜೋಲಂನಂಥ ಮಂಪರಿನ ಔಷಧ, ಬಾಯಿಂದ ಅಥವಾ ರಕ್ತನಾಳಕ್ಕೆ. ಆ ದಿನ ವಾಹನ ಓಡಿಸಬಾರದು, ಜೊತೆಗೊಬ್ಬರು ಇರಲೇಬೇಕು. ಪೂರ್ತಿ ಎಚ್ಚರ ತಪ್ಪಿಸುವ ಜನರಲ್ ಅನಸ್ತೇಶಿಯಾ ಆಸ್ಪತ್ರೆಯ ಕೆಲಸ. ಅದಕ್ಕೆ ಲಘು ಆಹಾರ ಆರು ಗಂಟೆ ಮುಂಚೆ, ನೀರು ಎರಡು ಗಂಟೆ ಮುಂಚೆ ನಿಲ್ಲಿಸಬೇಕು.

ಬರೀ ಮರಗಟ್ಟುವ ಇಂಜೆಕ್ಷನ್‌ಗೆ ಉಪವಾಸ ಬೇಡ. ಹಸಿದ ಹೊಟ್ಟೆಯಲ್ಲಿ ಹೆದರಿ ಕೂತವರೇ ಕಣ್ಣು ಕತ್ತಲಿಟ್ಟು ಬೀಳುವುದು ಹೆಚ್ಚು. ತಲೆ ಸುತ್ತಿ ಬೆವರಿದರೆ ಕುರ್ಚಿಯನ್ನು ಮಲಗಿಸಿ ಕಾಲು ಎತ್ತರಿಸಿದರೆ ಸಾಮಾನ್ಯವಾಗಿ ಬೇಗನೆ ಸರಿಹೋಗುತ್ತದೆ.

## ಮೊದಲೇ ಹೇಳಬೇಕಾದದ್ದು

ಹೃದಯದ ತೊಂದರೆ ಇದ್ದವರಿಗೆ ಅಡ್ರಿನಲಿನ್ ಪ್ರಮಾಣವನ್ನು ಸಾಮಾನ್ಯವಾಗಿ 40 ಮೈಕ್ರೋಗ್ರಾಂಗೆ, ಅಂದರೆ ಲಕ್ಷಕ್ಕೆ ಒಂದು ಪಾಲಿನ ಎರಡು ನಳಿಕೆಯೊಳಗೆ ಮಿತಿಗೊಳಿಸುತ್ತಾರೆ. ರಕ್ತದೊತ್ತಡ, ಹೃದಯದ ತೊಂದರೆಗೆ ಕೊಡುವ ಪ್ರೊಪ್ರನಲಾಲ್‌ನಂಥ ಮಾತ್ರೆ, ಕೆಲವು ಖಿನ್ನತೆಯ ಮಾತ್ರೆಗಳು ಅಡ್ರಿನಲಿನ್ ಪರಿಣಾಮವನ್ನು ಹೆಚ್ಚಿಸುತ್ತವೆ. ರಕ್ತ ತೆಳುವಾಗಿಸುವ ಮಾತ್ರೆಯನ್ನು ಸ್ವಂತ ತೀರ್ಮಾನದಿಂದ ನಿಲ್ಲಿಸಬೇಡಿ, ತೆಗೆದುಕೊಳ್ಳುತ್ತಿರುವುದನ್ನು ತಿಳಿಸಿ. ಗರ್ಭಿಣಿಯರಿಗೆ ಲಿಡೋಕೇನ್ ಕೊಡಬಹುದು, ಆದರೆ ಗರ್ಭದ ವಿಷಯ ವೈದ್ಯರಿಗೆ ಗೊತ್ತಿರಬೇಕು. ಹಿಂದೊಮ್ಮೆ ಅರಿವಳಿಕೆ ಹಿಡಿಯದೇ ಹೋಗಿದ್ದರೆ ಯಾವ ಹಲ್ಲಿಗೆ, ಎಷ್ಟು ಇಂಜೆಕ್ಷನ್ ಆದಮೇಲೆ ಎಂಬುದನ್ನೂ ಹೇಳಿ.

## ಮರಗಟ್ಟು ಬಿಡುವಾಗ

ನೋವು ಮರಳುವ ಮೊದಲೇ ಮಾತ್ರೆ ತೆಗೆದುಕೊಂಡರೆ ಅದನ್ನು ಹಿಡಿತದಲ್ಲಿಡುವುದು ಸುಲಭ. ಹಲ್ಲು ಕಿತ್ತ ಮೇಲೆ ಐಬುಪ್ರೊಫೇನ್ ಮತ್ತು ಪ್ಯಾರಸಿಟಮಾಲ್ ಒಟ್ಟಿಗೆ ಕೊಡುವುದು ರೂಢಿ. ಎರಡೂ ಬೇರೆ ಬೇರೆ ಬಗೆಯಲ್ಲಿ ಕೆಲಸ ಮಾಡುವುದರಿಂದ ಒಂದೊಂದಕ್ಕಿಂತ ಜೋಡಿ ಮೇಲು. ಶೀತದ ಮಾತ್ರೆಗಳಲ್ಲೂ ಪ್ಯಾರಸಿಟಮಾಲ್ ಇರುತ್ತದೆ. ಎಲ್ಲ ಸೇರಿ ವಯಸ್ಕರಿಗೆ ದಿನಕ್ಕೆ 4 ಗ್ರಾಂ ಮೀರಬಾರದು. ಹೊಟ್ಟೆಹುಣ್ಣು, ಮೂತ್ರಪಿಂಡದ ಕಾಯಿಲೆ ಇದ್ದವರು, ಗರ್ಭಿಣಿಯರು, ಐಬುಪ್ರೊಫೇನ್‌ನಿಂದ ಉಬ್ಬಸ ಬರುವವರು ಅದನ್ನು ಕೇಳದೆ ನುಂಗಬಾರದು. ನೋಯುವ ಹಲ್ಲಿನ ಪಕ್ಕ ಆಸ್ಪಿರಿನ್ ಮಾತ್ರೆ ಇಟ್ಟುಕೊಂಡರೆ ವಸಡು ಸುಟ್ಟು ಬೆಳ್ಳಗಾಗುತ್ತದೆ, ನೋವು ಎರಡಾಗುತ್ತದೆ.

ತುಟಿಗೆ ಅರಿವು ಬರುವವರೆಗೆ ಬಿಸಿಯಾದದ್ದು, ಅಗಿಯುವಂಥದ್ದು ಬೇಡ. ಮಕ್ಕಳು ಕುತೂಹಲಕ್ಕೆ ತುಟಿ ಕಚ್ಚಿ ನೋಡುತ್ತಾರೆ. ಸಂಜೆಗೆ ಊದಿದ ತುಟಿ ನೋಡಿ ಮನೆಯವರು ಅಲರ್ಜಿಯೆಂದು ಗಾಬರಿಯಾಗುವುದು ಸಾಮಾನ್ಯ. ಮರಗಟ್ಟು ಬಿಡುವವರೆಗೆ ಮಗುವಿನ ಮೇಲೆ ಕಣ್ಣಿಡಬೇಕು.

ಫಿಲ್ಲಿಂಗ್ ಆದ ಹಲ್ಲು ಕೆಲವು ದಿನ ತಣ್ಣನೆಯದಕ್ಕೆ ಜುಮ್ಮೆನ್ನಬಹುದು. ಕಚ್ಚಿದಾಗಲೇ ನೋವಾದರೆ ಫಿಲ್ಲಿಂಗ್ ಎತ್ತರವಾಗಿರಬಹುದು, ಐದು ನಿಮಿಷ ಉಜ್ಜಿದರೆ ಸರಿಹೋಗುವ ತೊಂದರೆ. ಹಲ್ಲು ಕಿತ್ತ ಜಾಗದ ನೋವು ತಗ್ಗುತ್ತಾ ಬಂದು, ಎರಡರಿಂದ ನಾಲ್ಕನೆಯ ದಿನದೊಳಗೆ ಕಿವಿಯವರೆಗೂ ಸೆಳೆಯುವಂತೆ ಮರಳಿದರೆ ಕುಳಿಯಲ್ಲಿ ಹೆಪ್ಪುಗಟ್ಟಿದ್ದ ರಕ್ತ ಕಳಚಿರಬಹುದು. ಧೂಮಪಾನಿಗಳಲ್ಲಿ ಇದು ಹೆಚ್ಚು. ಮರುದಿನವೂ ತುಟಿಗೆ ಅಥವಾ ನಾಲಿಗೆಗೆ ಅರಿವು ಬರದಿದ್ದರೆ ವೈದ್ಯರಿಗೆ ತಿಳಿಸಿ. ಬಾವು ಕುತ್ತಿಗೆಗೆ ಇಳಿದರೆ, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ ಬೆಳಗಾಗಲೆಂದು ಕಾಯದೆ ನೇರ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಬೇಕು.